ಅಲಸಂಡೆ ಗದ್ದೆಯಲ್ಲಿ ಹೂತ ಮೂರು ಚಡ್ಡಿ

ಬಹಳ ವರ್ಷ ಶಾರ್ಜಾದಲ್ಲಿದ್ದ ನನ್ನ ನಾದಿನಿ ಊರಿಗೆ ಬಂದು ನಮ್ಮ ಪಕ್ಕದಲ್ಲೇ ಮನೆ ಕಟ್ಟಿಸಿಕೊಂಡ ವರ್ಷ ನಾವಿಬ್ಬರೂ ಸೇರಿ ಅಲಸಂಡೆ ಬೆಳೆಸಿದೆವು. ಹೀಗೆ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಅದರಲ್ಲಿ ಹೇಳುವಂಥದ್ದು ಏನಿದೆ ಎನಿಸಬಹುದು. ಆದರೆ ಆ ಬೇಸಗೆಯಲ್ಲಿ ನಾನು ನಕ್ಕಷ್ಟು ಶಾಲೆಗೆ ಹೋಗುವ ವಯಸ್ಸಿನಲ್ಲೂ ನಕ್ಕಿರಲಿಲ್ಲ. ಐವತ್ತು ದಾಟಿದ ಅಂಗನವಾಡಿ ಟೀಚರೊಬ್ಬಳು ಗದ್ದೆಯ ಬದುವಿನ, ನಮ್ಮ ಮಾತಿನಲ್ಲಿ ಹುಣಿಯ, ಮೇಲೆ ಕುಳಿತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುವುದನ್ನು ನೋಡಿದವರು ಏನಂದುಕೊಂಡರೋ ಗೊತ್ತಿಲ್ಲ. ಏನಂದುಕೊಂಡರು ಎನ್ನುವುದು ಒಂದು ಮಟ್ಟಿಗೆ ಆಮೇಲೆ ಗೊತ್ತಾಯಿತು. ಅದನ್ನೂ ಹೇಳುತ್ತೇನೆ.

ನಮ್ಮ ಮನೆ ಕೇರಳದ ಗಡಿಯೊಳಗಿನ ಕುಂಬ್ಡಾಜೆಯ ಒಂದು ಗುಡ್ಡದ ಬದಿಯಲ್ಲಿದೆ. ಮೆಟ್ಟಿಲಿಳಿದರೆ ನೀರು ಹರಿಯುವ ತೋಡು, ತೋಡಿನ ಈಚೆ ಒಂದು ತುಂಡು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಒಂದು ಬೆಳೆ ಭತ್ತ ಬೆಳೆಯುತ್ತಿದ್ದೆವು. ಕೊಯ್ಲು ಮುಗಿದ ಮೇಲೆ ಗದ್ದೆ ದನಗಳಿಗೂ ಕ್ರಿಕೆಟ್ಟಿಗೂ ಸೇರಿದ್ದು. ನಾದಿನಿ ಬಂದ ಹೊಸತರಲ್ಲಿ ಸಂಜೆ ಚಾ ಕುಡಿಯುತ್ತಾ ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದಳು.

"ಅತ್ತಿಗೆ, ನಾನು ಅಲ್ಲಿ ಬಾಲ್ಕನಿಯಲ್ಲಿ ಒಂದು ಚಟ್ಟಿಯಲ್ಲಿ ಬಸಳೆ ನೆಟ್ಟಿದ್ದೆ. ಅದನ್ನು ನೋಡ್ಲಿಕ್ಕೆ ಕೆಳಗಿನ ಫ್ಲಾಟಿನವರು ಬರ್ತಿದ್ರು," ಎಂದಳು ಒಂದು ದಿನ. "ಇಲ್ಲಿ ಇಷ್ಟು ಜಾಗ ಸುಮ್ಮನೆ ಬಿದ್ದುಕೊಂಡುಂಟು."

"ನೆಡುವ," ಎಂದೆ ನಾನು. ಅಂಗನವಾಡಿಯ ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಹೇಳಿದ್ದು, ಹಿಂದುಮುಂದು ಯೋಚಿಸದೆ. ಅವಳು ಚಾ ಲೋಟ ಕೆಳಗಿಟ್ಟು ಆಗಲೇ ಎದ್ದು ನಿಂತಿದ್ದಳು.

ನಮ್ಮವರಿಗೆ ಪೇಟೆಯಲ್ಲಿ ಪಂಪು, ಪೈಪು, ವಾಲ್ವುಗಳ ಅಂಗಡಿ. ಹೆಂಡತಿ ಮತ್ತು ತಂಗಿ ಬೇಸಾಯ ಮಾಡುತ್ತಾರೆಂದು ಗೊತ್ತಾದ ಮರುದಿನವೇ ಒಂದು ಹೊಸ ಪಂಪು ತಂದು ಗದ್ದೆಯ ಪಕ್ಕದ ಕೆರೆಯ ಬದಿಯಲ್ಲಿ ಕೂರಿಸಿದರು. ಅವರ ಪ್ರಕಾರ ಗಿಡಕ್ಕೆ ಬೇಕಾದದ್ದು ಎರಡೇ: ನೀರು ಮತ್ತು ಯೂರಿಯಾ. ಉಳಿದದ್ದೆಲ್ಲ ಟಿವಿಯವರು ಹೊತ್ತು ಕಳೆಯಲು ಹೇಳುವುದು. "ನೀರಿನ ಚಿಂತೆ ನಿಮಗೆ ಬೇಡ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸ್ವಿಚ್ಚು ಹಾಕಿ, ಗದ್ದೆ ತುಂಬಲಿ," ಎಂದರು. ನಾವು ಸ್ವಿಚ್ಚು ಹಾಕಿದೆವು, ಗದ್ದೆ ತುಂಬಿತು. ಯೂರಿಯಾವನ್ನು ಹಬ್ಬದ ದಿನ ಪಾಯಸ ಬಡಿಸುವಷ್ಟು ಧಾರಾಳವಾಗಿ ಬಡಿಸಿದೆವು.

ಅಲಸಂಡೆ ಬಳ್ಳಿಗಳು ಎದ್ದ ರೀತಿಯನ್ನು ನೀವು ನೋಡಬೇಕಿತ್ತು. ಕಡುಹಸಿರು ಎಲೆ, ಅಂಗೈಗಿಂತ ಅಗಲ. ಕಟ್ಟಿದ ಹಗ್ಗ ಸಾಲದೆ ಬಳ್ಳಿಗಳು ಒಂದನ್ನೊಂದು ತಬ್ಬಿಕೊಂಡವು. ನಾದಿನಿ ದಿನಾ ಫೋಟೋ ತೆಗೆದು ಶಾರ್ಜಾದಲ್ಲೇ ಉಳಿದಿದ್ದ ಗಂಡನಿಗೆ ಕಳಿಸುತ್ತಿದ್ದಳು. ಅವರು ಎಲ್ಲದಕ್ಕೂ "ಚಂದ ಉಂಟು" ಎಂದು ಉತ್ತರಿಸುತ್ತಿದ್ದರು. ಹೂ ಮಾತ್ರ ಬರಲಿಲ್ಲ. ಎಲೆಯ ಮೇಲೆ ಎಲೆ, ಅದರ ಮೇಲೆ ಇನ್ನೊಂದು ಎಲೆ. ಆಮೇಲೆ ಒಂದು ವಾರ ಬುಡದ ಎಲೆಗಳು ಹಳದಿಯಾದವು, ಮತ್ತೊಂದು ವಾರಕ್ಕೆ ಮೇಲಿನವೂ. ನಾದಿನಿ ಆ ಫೋಟೋವನ್ನೂ ಕಳಿಸಿದಳು. "ಚಂದ ಉಂಟು" ಎಂದೇ ಬಂತು. ಅವಳು ಫೋನನ್ನು ನನಗೆ ತೋರಿಸಿದಳು. ಸತ್ತುಹೋಗುತ್ತಿರುವ ಗಿಡಗಳ ನಡುವೆ ನಿಂತು ನಮಗೆ ಮೊದಲ ಸಲ ಆ ನಗು ಹತ್ತಿಕೊಂಡಿತು.

ಕೃಷಿಭವನದ ಆಫೀಸರಮ್ಮ ಒಂದು ದಿನ ಸ್ಕೂಟರಿನಲ್ಲಿ ಬಂದರು. ಇನ್ನೂ ಎಳೆಯ ಹುಡುಗಿ, ತೆಂಕಣ ಕೇರಳದವರು. ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತವರು. ಮಾತು ನಿಧಾನ, ಆದರೆ ಕೈ ಚುರುಕು. ಚಪ್ಪಲಿ ಹುಣಿಯ ಮೇಲೆ ಬಿಟ್ಟು ಗದ್ದೆಗೆ ಇಳಿದವರೇ, "ಟೀಚರೇ, ಇದಕ್ಕೆ ಯಾವ ವಳ ಹಾಕಿದ್ದು?" ಎಂದು ಕೇಳಿದರು.

ಮಲಯಾಳದಲ್ಲಿ ಗೊಬ್ಬರಕ್ಕೂ ಬಳೆಗೂ ಹೆಚ್ಚುಕಡಿಮೆ ಒಂದೇ ಮಾತು. ನಮ್ಮ ಜೊತೆಗೇ ಇರುವ ಅತ್ತೆಗೆ ಎರಡೂ ಚೆನ್ನಾಗಿ ಗೊತ್ತು. ಆದರೂ ಮೆಟ್ಟಿಲ ಮೇಲಿಂದಲೇ, "ಅಲಸಂಡೆಗೂ ಬಳೆ ತೊಡಿಸ್ಬೇಕಾ?" ಎಂದು ಕೇಳಿದರು. ಅತ್ತೆ ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ರುಚಿ ಹೋಗುತ್ತದೆ.

ನಾವು ಯೂರಿಯಾದ ಲೆಕ್ಕ ಒಪ್ಪಿಸಿದೆವು. ಆಫೀಸರಮ್ಮ ಒಂದು ಗಿಡವನ್ನು ಬುಡಸಹಿತ ಎಬ್ಬಿಸಿದರು. ಬೇರಿಗೆ ಅಂಟಿದ ಕೆಸರನ್ನು ನೀರಿನಲ್ಲಿ ತೊಳೆದು ನಮ್ಮ ಮುಂದೆ ಹಿಡಿದರು. ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಸಾಸಿವೆಯಂಥ ಗಂಟುಗಳಿದ್ದವು. ಒಂದನ್ನು ಉಗುರಿನಿಂದ ಸೀಳಿದರು. ಒಳಗೆ ಬಿಳಿ.

"ಇದು ಕೆಂಪು ಇರಬೇಕು. ಕೆಂಪು ಅಂದ್ರೆ ಒಳಗೆ ಕೆಲಸ ನಡೀತಾ ಉಂಟು ಅಂತ ಲೆಕ್ಕ," ಎಂದರು. "ಈ ಗಂಟಿನಲ್ಲಿ ಸೂಕ್ಷ್ಮಾಣುಗಳು ಇರ್ತವೆ. ಗಾಳಿಯಲ್ಲಿ ಇರುವ ನೈಟ್ರೋಜನ್ ತೆಗೆದು ಗಿಡಕ್ಕೆ ಕೊಡುವುದು ಅವೇ. ಗಿಡ ಅವಕ್ಕೆ ಸಕ್ಕರೆ ಕೊಡ್ತದೆ. ನೀವು ದಿನಾ ಹೋಟೆಲಿನ ಊಟ ತಂದು ಬಾಗಿಲಲ್ಲಿ ಇಟ್ರೆ ಮನೆಯಲ್ಲಿ ಯಾರು ಒಲೆ ಹಚ್ತಾರೆ ಟೀಚರೇ?"

"ಯಾರೂ ಹಚ್ಚುವುದಿಲ್ಲ," ಎಂದಳು ನಾದಿನಿ ಬಹಳ ಪ್ರಾಮಾಣಿಕವಾಗಿ. "ಶಾರ್ಜಾದಲ್ಲಿ ನಾನೂ ಹಚ್ತಿರ್ಲಿಲ್ಲ."

ಆಫೀಸರಮ್ಮ ಆಮೇಲೆ ನೀರಿನ ವಿಷಯ ಹೇಳಿದರು. ಗದ್ದೆ ಹೀಗೆ ತುಂಬಿ ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿಗೆ ಜಾಗವಿಲ್ಲ. ಬೇರಿಗೂ ಉಸಿರಿಲ್ಲ, ಒಳಗಿರುವ ಜೀವಿಗಳಿಗೂ ಉಸಿರಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಬೇಕು. ಉಂಡೆ ಆಗಬೇಕು, ಬೆರಳಲ್ಲಿ ಮುಟ್ಟಿದರೆ ಉದುರಬೇಕು, ನೀರು ತೊಟ್ಟಿಕ್ಕಬಾರದು. ನಾವಿಬ್ಬರೂ ಅದುಮಿದೆವು. ನನ್ನ ಮುಷ್ಟಿಯಿಂದ ಮೊಣಕೈಯ ತನಕ ನೀರಿಳಿಯಿತು.

ಆ ಸಲದ್ದು ಎಲ್ಲ ಕಿತ್ತೆವು. ಮನಸ್ಸಿಗೆ ಕಷ್ಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಸದಾಗಿ ಶುರುಮಾಡುವ ಉಮೇದು ಎಷ್ಟಿತ್ತೆಂದರೆ ಕೀಳುವಾಗಲೇ ಮುಂದಿನ ಸಾಲು ಎಲ್ಲಿ ಬರಬೇಕೆಂದು ಮಾತಾಡುತ್ತಿದ್ದೆವು. ನಮ್ಮ ಮಣ್ಣು ಹುಳಿ, ಸುಣ್ಣ ಬೇಕು ಎಂದು ಆಫೀಸರಮ್ಮ ಹೇಳಿದ್ದರು. ಶಿರಿಯ ಹೊಳೆಯ ಅಳಿವೆಯ ಹತ್ತಿರ ಚಿಪ್ಪು ಸುಟ್ಟು ಸುಣ್ಣ ಮಾಡುವವರಿದ್ದಾರೆಂದು ಯಾರೋ ಹೇಳಿದರು. ಅದಕ್ಕಾಗಿ ಒಂದು ರಜಾದಿನ ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಮೀನಿನ ವಾಸನೆಯ ಗಾಳಿಯಲ್ಲಿ ಹೊಳೆ ನೋಡುತ್ತಾ ನಿಂತು ಐಸ್‌ಕ್ಯಾಂಡಿ ತಿಂದು, ಎರಡು ಚೀಲ ಸುಣ್ಣ ಆಟೋದಲ್ಲಿ ಹಾಕಿಕೊಂಡು ಬಂದೆವು. ಮನೆಗೆ ಮುಟ್ಟುವಾಗ ಇಬ್ಬರ ತಲೆಯೂ ಬಿಳಿ. ಅತ್ತೆ ನಮ್ಮನ್ನು ನೋಡಿ, "ಹೋಗುವಾಗ ಸೊಸೆ ಮಗಳು, ಬರುವಾಗ ಇಬ್ಬರು ಅಜ್ಜಿಯರು," ಎಂದರು.

ಸುಣ್ಣ ಬೆರೆಸಿ ಮಣ್ಣನ್ನು ಕೆಲವು ದಿನ ಬಿಟ್ಟೆವು. ಆಮೇಲೆ ಹಟ್ಟಿಗೊಬ್ಬರ, ತರಗೆಲೆ, ಬೂದಿ. ಗದ್ದೆ ಮಟ್ಟಸ ಇರುವ ಬದಲು ಏರಿಗಳನ್ನು ಎತ್ತಿದೆವು, ನೀರು ಇಳಿದುಹೋಗಲಿ ಎಂದು. ಬೀಜಕ್ಕೆ ಹಚ್ಚಲು ಆಫೀಸರಮ್ಮ ಒಂದು ಪ್ಯಾಕೆಟ್ ಕೊಟ್ಟಿದ್ದರು, ರೈಝೋಬಿಯಂ, ಅಂದರೆ ಬೇರಿನ ಗಂಟಿನ ಆ ಸೂಕ್ಷ್ಮಾಣುಗಳೇ. ಕಪ್ಪು ಪುಡಿ. ತಣಿದ ಗಂಜಿತಿಳಿಯಲ್ಲಿ ಕಲಸಿ ಬೀಜಕ್ಕೆ ಸವರಿ ನೆರಳಿನಲ್ಲಿ ಒಣಗಿಸಬೇಕು, ಬಿಸಿಲು ತಾಗಬಾರದು. ನಾವು ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದೆವು. ಉಳಿದ ಪುಡಿಯನ್ನು ತಂಪಿನಲ್ಲಿಡಬೇಕಂತೆ. ನಾದಿನಿ ಅದನ್ನು ಒಂದು ಖಾಲಿ ಬಾಟ್ಲಿಗೆ ಹಾಕಿ ನಮ್ಮ ಫ್ರಿಜ್ಜಿನಲ್ಲಿಟ್ಟಳು. ಆ ಬಾಟ್ಲಿಯಲ್ಲಿ ಮೊದಲು ಇದ್ದದ್ದು ಕಾಫಿಪುಡಿ.

ಇನ್ನು ಹೇಳಬೇಕಾಗಿಲ್ಲ. ಮರುದಿನ ಬೆಳಿಗ್ಗೆ ನಾವು ಗದ್ದೆಯಲ್ಲಿದ್ದಾಗ ನಮ್ಮವರು ತಾವೇ ಕಾಫಿ ಕುದಿಸಿಕೊಂಡಿದ್ದರು. ನಾವು ಒಳಗೆ ಬರುವಾಗ ಅರ್ಧ ಲೋಟ ಮುಗಿದಿತ್ತು.

"ಎಂತ ಪುಡಿ ಮಾರಾಯ್ತಿ ಇದು?" ಎಂದು ಕೇಳಿದರು. "ಹೊಸ ಅಂಗಡಿಯದ್ದಾ? ಹಾಳಿಲ್ಲ, ಆದ್ರೆ ಮಣ್ಣಿಗೆ ಮಳೆ ಬಿದ್ದ ಹಾಗೆ ಪರಿಮಳ."

ನಾನು ಬಾಟ್ಲಿ ನೋಡಿದೆ. ನಾದಿನಿ ಬಾಟ್ಲಿ ನೋಡಿದಳು. ಅವಳು ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕುಳಿತಳು.

"ಇನ್ನು ಅಣ್ಣನಿಗೆ ಯೂರಿಯಾ ಬೇಡ ಅತ್ತಿಗೆ," ಎಂದಳು, ಉಸಿರು ಸಿಕ್ಕಿದ ಮೇಲೆ. "ಗಾಳಿಯಿಂದಲೇ ತೆಗೊಳ್ತಾರೆ."

ನಿಜ ಹೇಳುವುದಾದರೆ ನನಗೆ ಹೆದರಿಕೆಯೂ ಆಯಿತು. ಕೂಡಲೇ ಆಫೀಸರಮ್ಮನಿಗೆ ಫೋನ್ ಮಾಡಿದೆ. ವಿಷಯ ಕೇಳಿದವರು ಎಷ್ಟು ಚಮಚ ಹಾಕಿದ್ದು, ಎಷ್ಟು ಕುಡಿದದ್ದು ಎಂದು ವಿಚಾರಿಸಿದರು. "ಏನೂ ಆಗ್ಲಿಕ್ಕಿಲ್ಲ ಟೀಚರೇ, ನೀರು ಕುಡೀಲಿಕ್ಕೆ ಹೇಳಿ," ಎಂದರು ಕೊನೆಗೆ. "ಕುದಿಸಿದ್ದಾರಲ್ಲ. ಅವು ಸತ್ತಿರ್ತವೆ, ಪಾಪ."

ಆ ಪಾಪ ಯಾರಿಗೆ ಹೇಳಿದ್ದು ಎಂದು ನಮ್ಮವರು ಇಡೀ ದಿನ ಕೇಳುತ್ತಿದ್ದರು.

ಮೊಳಕೆ ಬಂದ ವಾರದಲ್ಲಿ ಆಫೀಸರಮ್ಮ ಇನ್ನೊಂದು ಉಪಾಯ ಹೇಳಿಕೊಟ್ಟರು. ಮಣ್ಣಿನಲ್ಲಿ ಜೀವ ಎಷ್ಟಿದೆ ಎಂದು ಕಣ್ಣಾರೆ ನೋಡುವುದಿದ್ದರೆ ಅಪ್ಪಟ ಹತ್ತಿಯ ಬಿಳಿ ಬಟ್ಟೆಯನ್ನು ಮಣ್ಣಿನಲ್ಲಿ ಹೂಳಬೇಕು. ಎರಡು ತಿಂಗಳು ಕಳೆದು ತೆಗೆದು ನೋಡಬೇಕು. ಒಳಗೆ ಜೀವಿಗಳು ಚೆನ್ನಾಗಿದ್ದರೆ ಬಟ್ಟೆ ಉಳಿಯುವುದಿಲ್ಲ, ತಿಂದು ಮುಗಿಸಿರುತ್ತವೆ. ನೀರು ಬೇರೆಬೇರೆ ಹದದಲ್ಲಿರುವ ಮೂರು ಜಾಗದಲ್ಲಿ ಹೂಳಿದರೆ ವ್ಯತ್ಯಾಸವೂ ತಿಳಿಯುತ್ತದೆ ಎಂದರು. ನಮ್ಮ ಗದ್ದೆಯಲ್ಲಿ ಹಾಗೆ ಮೂರು ಜಾಗ ಸಿದ್ಧವಾಗಿಯೇ ಇದ್ದವು. ಗುಡ್ಡದ ಕಡೆಯ ಎತ್ತರದ ಅಂಚಿಗೆ ಪೈಪು ಮುಟ್ಟುತ್ತಿರಲಿಲ್ಲ, ಅದು ಒಣಕಲು. ಕೆರೆಯ ಹತ್ತಿರದ ತಗ್ಗು ಮೂಲೆಯಲ್ಲಿ ವಾಲ್ವು ಸೋರಿ ಯಾವಾಗಲೂ ನೀರು ನಿಲ್ಲುತ್ತಿತ್ತು. ವಾಲ್ವಿನ ಅಂಗಡಿಯವರ ಮನೆಯ ವಾಲ್ವು ಸೋರುವುದು ಲೋಕದ ರೂಢಿ. ನಡುವೆ ನಮ್ಮ ಅಲಸಂಡೆ ಏರಿಗಳು.

ಬಟ್ಟೆ ಎಲ್ಲಿಂದ? ಮನೆಯಲ್ಲಿ ಹುಡುಕಿದೆವು. ಬೆಡ್‌ಶೀಟು ಪಾಲಿಯೆಸ್ಟರ್ ಮಿಶ್ರ. ಮೈ ಒರೆಸುವ ಬೈರಾಸು ಹತ್ತಿಯೆಂದು ಮಾರಿದ್ದಾದರೂ ಬೆಂಕಿ ತಾಗಿಸಿ ನೋಡಿದರೆ ಮುದ್ದೆಯಾಗಿ ಕರಗಿತು. ನನ್ನ ಸೀರೆಗಳಲ್ಲಿ ಬಿಳಿಯದ್ದು ಒಂದೇ, ಅದನ್ನು ಕೊಡಲು ಮನಸ್ಸು ಬರಲಿಲ್ಲ. ಆಗ ನಾದಿನಿ ಕಪಾಟಿನ ಮುಂದೆ ನಿಂತು ಹಣೆ ಬಡಿದುಕೊಂಡಳು.

"ಅಣ್ಣನಿಗೆ ನಾನು ತಂದದ್ದು ಉಂಟಲ್ಲ ಅತ್ತಿಗೆ. ಮೂರರ ಪ್ಯಾಕ್. ನೂರಕ್ಕೆ ನೂರು ಕಾಟನ್."

ಅವಳು ಅಣ್ಣನಿಗೆಂದು ಅಲ್ಲಿಂದ ತಂದ ಬಿಳಿ ಚಡ್ಡಿಗಳು. ಸೈಜು ಬಿಗಿ ಎಂದು ಅವರು ಹಾಕಿರಲಿಲ್ಲ. ಹೊಟ್ಟೆ ಇಳಿದ ಮೇಲೆ ಹಾಕುತ್ತೇನೆಂದು ಪ್ಯಾಕೆಟ್ ಸಹಿತ ಎತ್ತಿಟ್ಟಿದ್ದರು. ಹೊಟ್ಟೆಯ ವಿಷಯದಲ್ಲಿ ನಮಗೆ ಅಂಥ ಭರವಸೆ ಇರಲಿಲ್ಲ. ತೆಗೆದುಕೊಂಡೆವು.

ಸಂಜೆ ನಾನು ಅಂಗನವಾಡಿಯಿಂದ ಬಂದ ಮೇಲೆ ಹೂಳಲು ಹೋದೆವು. ಗೇಣು ಆಳದ ಗುಂಡಿ, ಅದರೊಳಗೆ ಬಿಡಿಸಿ ಹಾಸಿದ ಚಡ್ಡಿ, ಗುರುತಿಗೆ ಪ್ಲಾಸ್ಟಿಕ್ ಹಗ್ಗದ ತುದಿ ಮೇಲೆ, ಪಕ್ಕದಲ್ಲಿ ಒಂದು ಗೂಟ. ಮೊದಲನೆಯದಕ್ಕೆ ಮಣ್ಣು ಎಳೆಯುವಾಗ ನಾದಿನಿ ಕೈಜೋಡಿಸಿ ಕಣ್ಣುಮುಚ್ಚಿ ನಿಂತಳು, ತಮಾಷೆಗೆ. ಎರಡನೆಯದಕ್ಕೆ ಹೋಗುವಾಗಲೇ ನಮಗೆ ನಗು ತಡೆಯಲಾಗುತ್ತಿರಲಿಲ್ಲ. ಮೂರನೆಯದನ್ನು ಹೂಳುವಾಗ ನಾನು ಏರಿಯ ಮೇಲೆ ಕುಸಿದು ಕುಳಿತು ನಗುವಿನಲ್ಲಿ ನಡುಗುತ್ತಿದ್ದೆ, ಅವಳು ಮಣ್ಣೆಳೆಯುವ ಹಾರೆಯನ್ನು ಊರಿಕೊಂಡು ನಿಂತಿದ್ದಳು. ತೋಡಿನ ಆಚೆ ಮನೆಯ ದೊಡ್ಡಮ್ಮ ತೆಂಗಿನ ಮಡಲು ಎಳೆದುಕೊಂಡು ಹೋಗುತ್ತಿದ್ದವರು ಮೊದಲ ಗುಂಡಿಯ ಹೊತ್ತಿನಿಂದಲೂ ಅಲ್ಲೇ ನಿಂತದ್ದನ್ನು ನಾವು ನೋಡಲಿಲ್ಲ.

ನಾಲ್ಕು ದಿನ ಕಳೆದು, ಅಂಗನವಾಡಿಗೆ ರಜೆಯಿದ್ದ ದಿನ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅತ್ತೆ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ಗಂಭೀರವಾಗಿ ಕೇಳಿದರು. "ನಿನಗೂ ಅವನಿಗೂ ಎಂತಾದ್ರೂ ಬೇಸರ ಉಂಟಾ?"

"ಇಲ್ಲ ಅತ್ತೆ. ಯಾಕೆ?"

"ಇದ್ರೆ ನನ್ನ ಹತ್ರ ಹೇಳು. ಅವನಿಗೆ ನಾನು ಬುದ್ಧಿ ಹೇಳ್ತೇನೆ. ಅದಕ್ಕೆಲ್ಲ ಮಾಟ ಮಾಡಿಸುವುದು ಬೇಡ."

ನನಗೆ ಒಂದೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ನಮ್ಮವರು ಅಂಗಡಿಯಿಂದ ಬಂದರು. ಯಾವತ್ತೂ ಬಂದ ಕೂಡಲೇ ಊಟಕ್ಕೆ ಕೂರುವವರು ಆ ದಿನ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು.

"ಅಂಗಡಿಗೆ ಬಂದವರೆಲ್ಲ ಮನೆಯಲ್ಲಿ ಸರಿ ಉಂಟಾ ಅಂತ ಕೇಳ್ತಾರೆ," ಎಂದರು. "ಮೊನ್ನೆ ಒಬ್ಬ, ನಿನ್ನೆ ಇಬ್ಬರು. ಇವತ್ತು ಒಬ್ಬ ಪೈಪು ತೆಗೊಳ್ಲಿಕ್ಕೆ ಬಂದವ ನನ್ನ ಕೈ ಹಿಡಿದು ಧೈರ್ಯ ಹೇಳಿ ಹೋದ. ನೀವಿಬ್ಬರು ನನ್ನ ಬಟ್ಟೆಯನ್ನು ಗದ್ದೆಯಲ್ಲಿ ಹೂತು ಮಂತ್ರ ಹೇಳಿದ್ದು ಹೌದಾ?"

ದೊಡ್ಡಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು, ಒಂದು ಮಾತೂ ಸೇರಿಸಿರಲಿಲ್ಲ. ಮುಸ್ಸಂಜೆ, ಗುಂಡಿ, ಗಂಡಸಿನ ಒಳಬಟ್ಟೆ, ಕೈಮುಗಿದು ಕಣ್ಣುಮುಚ್ಚಿದವಳೊಬ್ಬಳು, ಮೈಮೇಲೆ ಬಂದವಳ ಹಾಗೆ ನೆಲದಲ್ಲಿ ಕುಳಿತು ನಡುಗುವವಳೊಬ್ಬಳು. ಯಾರೇ ಆದರೂ ಹಾಗೆಯೇ ಅಂದುಕೊಳ್ಳಬೇಕು.

ನಾನು ನಾದಿನಿಯನ್ನು ಕರೆಸಿದೆ. ಒಬ್ಬಳೇ ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ಬಂದು, ಮಣ್ಣಿನ ಜೀವಿಗಳು, ಹತ್ತಿ, ಎರಡು ತಿಂಗಳು ಎಂದೆಲ್ಲ ಹೇಳಿದಳು. ನಮ್ಮವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ನನಗೆ ಮಾಟ ಮಾಡಿ ಯಾರಿಗೆ ಎಂತ ಸಿಗ್ಲಿಕ್ಕುಂಟು, ಅದು ಬಿಡಿ," ಎಂದರು. "ಹೊಸ ಚಡ್ಡಿಯೇ ಬೇಕಿತ್ತಾ?"

"ಹಳತ್ರಲ್ಲಿ ಪಾಲಿಯೆಸ್ಟರ್ ಉಂಟು ಅಣ್ಣ."

"ಅಲ್ಲ, ನಾನೂ ಯೋಚಿಸ್ತಿದ್ದೆ. ಈ ನಾಲ್ಕು ದಿನದಿಂದ ನೀವು ಹೇಳಿದ್ದಕ್ಕೆಲ್ಲ ಯಾಕೆ ಹೂಂ ಹೂಂ ಅಂತಿದ್ದೇನೆ ಅಂತ."

ಮೊದಲು ನಕ್ಕದ್ದು ಅತ್ತೆ. ನಗು ಅವರಿಗೆ ಬರುವುದು ಅಪರೂಪ, ಬಂದರೆ ನಿಲ್ಲುವುದಿಲ್ಲ. ಸಾರು ಆರಿ ತಣ್ಣಗಾದ ಮೇಲೆ ನಾವೆಲ್ಲ ಉಂಡೆವು.

ಊರಿನ ಬಾಯಿ ಮುಚ್ಚಿಸುವುದು ಹೇಗೆ ಎನ್ನುವುದಕ್ಕೆ ದಾರಿ ಹೇಳಿದವರೂ ನಮ್ಮವರೇ. ತೆಗೆಯುವ ದಿನ ಎಲ್ಲರನ್ನೂ ಕರೆಯುವುದು, ಎಲ್ಲರ ಎದುರೇ ಅಗೆಯುವುದು. ಅಂಗಡಿಗೆ ಬಂದವರಿಗೆಲ್ಲ ಅಂದಿನಿಂದ ಆಮಂತ್ರಣ ಕೊಡತೊಡಗಿದರು.

ಇತ್ತ ಬಳ್ಳಿಗಳು ಈ ಸಲ ಬೇರೆ ರೀತಿ ಬೆಳೆದವು. ಅವಸರವಿಲ್ಲ, ಎಲೆ ಹದವಾಗಿದೆ, ಬಣ್ಣ ತಿಳಿಹಸಿರು. ಮೊದಲ ಬೆಳೆಯ ಅಟ್ಟಹಾಸ ನೋಡಿದ ಕಣ್ಣಿಗೆ ಇದು ಬಡಕಲು ಎನಿಸಿ ಕೆಲವು ದಿನ ಆತಂಕವಾಯಿತು. ನಮ್ಮವರು ಗದ್ದೆಯ ಒಂದು ಬದಿಯಲ್ಲಿ ತಮ್ಮದೇ ಎಂದು ಹರಿವೆ ಬಿತ್ತಿ ಯೂರಿಯಾ ಹಾಕಿದ್ದರು. ಅದು ಮೊಣಕಾಲೆತ್ತರ ಬಂದು ನಮ್ಮನ್ನು ಅಣಕಿಸುತ್ತಿತ್ತು. ಆಫೀಸರಮ್ಮ ಅದನ್ನು ನೋಡಿ ಬಯ್ಯುತ್ತಾರೆಂದು ಕಾದೆವು. ಬಯ್ಯಲಿಲ್ಲ. ಸೊಪ್ಪಿನ ಬೆಳೆಗೆ ಅಳತೆ ಮಾಡಿ ಹಾಕಿದರೆ ತಪ್ಪಿಲ್ಲ, ಚೆನ್ನಾಗಿ ಬಂದಿದೆ ಎಂದರು. ನಮ್ಮವರು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ನಾದಿನಿಗೆ ಒಂದು ದಿನ ತಾಳ್ಮೆ ತಪ್ಪಿತು. ಏರಿಯ ತುದಿಯ ಒಂದು ಗಿಡವನ್ನು ಎಬ್ಬಿಸಿ ಬೇರು ತೊಳೆದಳು. ಬೇರಿನ ತುಂಬ ಗಂಟುಗಳು, ರಾಗಿಯ ಹಾಗೆ ಸಣ್ಣವು, ಕಡಲೆಯ ಹಾಗೆ ದಪ್ಪಗಿನವು. ನಾನು ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ನಸುಗೆಂಪು, ಪೇರಳೆ ಹಣ್ಣಿನ ಒಳಗಿನಂಥ ಬಣ್ಣ. ಇನ್ನೊಂದು ಸೀಳಿದೆ, ಅದೂ ಕೆಂಪು. ನಾವಿಬ್ಬರೂ ಆ ಗದ್ದೆಯಲ್ಲಿ ಕೈಕೈ ಹಿಡಿದುಕೊಂಡು ಕುಣಿದೆವು. ಮಂಡಿನೋವಿನ ಮಾತ್ರೆ ತಿನ್ನುವ ನಾನು ಕುಣಿದೆ. ಮರುದಿನ ಒಂದಷ್ಟು ಬೇರನ್ನು ಅಂಗನವಾಡಿಗೂ ಒಯ್ದು ಮಕ್ಕಳಿಗೆ ತೋರಿಸಿದೆ. ಒಬ್ಬಳು ಪುಟ್ಟಿ ಅದನ್ನು ಮುಟ್ಟಿ ನೋಡಿ, "ಗಿಡಕ್ಕೆ ಸೊಳ್ಳೆ ಕಚ್ಚಿದ್ದಾ ಟೀಚರ್?" ಎಂದು ಕೇಳಿದಳು.

ಹೂ ಬಂತು. ನೇರಳೆ ಬಣ್ಣದ ಹೂ, ಬೆಳಿಗ್ಗೆ ಅರಳಿ ಬಿಸಿಲೇರುವಾಗ ಮುದುಡುವಂಥದ್ದು. ಅದರ ಹಿಂದೆಯೇ ಬೆರಳುದ್ದದ ಕಾಯಿ, ನಾಲ್ಕು ದಿನಕ್ಕೆ ಮೊಳದುದ್ದ. ಹೊಸ ವರ್ಷದ ಬಿಸು ಹಬ್ಬದ ಕಣಿಗೆ ಕನ್ನಡಿ, ಸೌತೆ, ಹಣ್ಣುಗಳ ಜೊತೆ ನಮ್ಮ ಗದ್ದೆಯ ಅಲಸಂಡೆಯ ಕಟ್ಟೂ ಇತ್ತು. ಬೆಳಿಗ್ಗೆ ಎದ್ದು ಮೊದಲು ನೋಡಬೇಕಾದದ್ದು ಕಣಿಯನ್ನು. ನಾದಿನಿ ತನ್ನ ಮನೆಯ ಕಣಿ ಬಿಟ್ಟು ಕಣ್ಣುಮುಚ್ಚಿಕೊಂಡೇ ನಮ್ಮ ಮನೆಗೆ ಬಂದು ದೇವರಕೋಣೆಯ ಹೊಸ್ತಿಲಲ್ಲಿ ಎಡವಿದಳು.

ಬಿಸು ಕಳೆದ ಭಾನುವಾರ ಅಗೆಯುವ ದಿನ. ಬರುತ್ತಾರೋ ಇಲ್ಲವೋ ಎಂದು ನಾನು ಸ್ವಲ್ಪವೇ ಚಾ ಮಾಡಿದ್ದೆ. ಆದರೆ ಹುಣಿಯ ಮೇಲೆ ನಿಲ್ಲಲು ಜಾಗವಿಲ್ಲದಷ್ಟು ಜನ ಬಂದರು. ಪೈಪು ತೆಗೆದುಕೊಂಡು ಧೈರ್ಯ ಹೇಳಿ ಹೋದವರೂ ಬಂದಿದ್ದರು. ದೊಡ್ಡಮ್ಮ ಎಲ್ಲರಿಗಿಂತ ಮುಂದೆ. ಆಫೀಸರಮ್ಮ ಕೊಡೆ ಹಿಡಿದು ನಿಂತಿದ್ದರು. ಹಾರೆ ಯಾರು ಹಿಡಿಯುವುದು ಎಂಬ ಪ್ರಶ್ನೆ ಬಂದಾಗ ನಮ್ಮವರು ಲುಂಗಿ ಎತ್ತಿ ಕಟ್ಟಿ ಮುಂದೆ ಬಂದರು. "ನನ್ನದು, ನಾನೇ ತೆಗೀತೇನೆ," ಎಂದರು.

ಮೊದಲು ಎತ್ತರದ ಒಣ ಅಂಚು. ಮಣ್ಣು ಗಟ್ಟಿ, ಹಾರೆ ಠಣ್ ಎಂದಿತು. ಹಗ್ಗ ಎಳೆದಾಗ ಚಡ್ಡಿ ಇಡಿಯಾಗಿ ಬಂತು. ಕೊಡವಿದರೆ ಧೂಳು ಹಾರಿತು, ಅಷ್ಟೇ. ಹೊಲಿಗೆ ಕೂಡ ಬಿಟ್ಟಿರಲಿಲ್ಲ.

"ಇದನ್ನು ಒಗೆದು ಹಾಕ್ಬಹುದು," ಎಂದರು ಯಾರೋ.

"ಇಲ್ಲಿ ನೀರೇ ಇಲ್ಲ, ಹಾಗಾಗಿ ಜೀವಿಗಳೂ ಇಲ್ಲ. ಇದ್ದವು ನಿದ್ದೆ ಮಾಡ್ತಾ ಉಂಟು," ಎಂದರು ಆಫೀಸರಮ್ಮ.

ಎರಡನೆಯದು ವಾಲ್ವಿನ ಹತ್ತಿರದ ತಗ್ಗು ಮೂಲೆ. ಒಂದು ಹಾರೆ ಮಣ್ಣು ತೆಗೆದದ್ದೇ ತಡ ಕೊಳೆತ ಮೊಟ್ಟೆಯ ವಾಸನೆ ಎದ್ದು ಜನ ಮೂಗು ಮುಚ್ಚಿ ಹಿಂದೆ ಸರಿದರು. ಚಡ್ಡಿ ಕಪ್ಪಾಗಿತ್ತು, ಲೋಳೆಯಾಗಿತ್ತು, ಆದರೆ ಇತ್ತು. ನೀರು ಹೆಚ್ಚಾದ ಕಡೆ ಗಾಳಿಯಿಲ್ಲದೆ ಬದುಕುವ ಬೇರೆ ಜಾತಿಯವು ಸೇರಿಕೊಳ್ಳುತ್ತವೆ, ಅವುಗಳ ಕೆಲಸ ನಿಧಾನ, ವಾಸನೆ ಜಾಸ್ತಿ ಎಂದು ಆಫೀಸರಮ್ಮ ವಿವರಿಸಿದರು. ನಮ್ಮವರು ಕೋಲಿನ ತುದಿಯಲ್ಲಿ ಅದನ್ನು ಹಿಡಿದು, ಸೋರುವ ವಾಲ್ವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು.

ಮೂರನೆಯದು ಅಲಸಂಡೆ ಏರಿ. ಅಲ್ಲಿ ಹಾರೆ ಬೇಕಾಗಲಿಲ್ಲ, ಕೈಯಲ್ಲೇ ಬಗೆಯುವಷ್ಟು ಮೆತ್ತಗೆ. ಎರೆಹುಳಗಳು ಹೊರಬಂದು ಅತ್ತಿತ್ತ ಹೋದವು. ನಮ್ಮವರು ಹಗ್ಗ ಎಳೆದರು. ಹಗ್ಗದ ಜೊತೆ ಬಂದದ್ದು ಸೊಂಟದ ಇಲಾಸ್ಟಿಕ್ ಒಂದೇ. ಅದಕ್ಕೆ ಅಂಟಿಕೊಂಡ ಜೇಡರಬಲೆಯಂಥ ಒಂದೆರಡು ನೂಲು, ಮತ್ತೆ ಸೈಜು ಬರೆದ ಸಣ್ಣ ಚೀಟಿ. ಬಟ್ಟೆಯ ಜಾಗದಲ್ಲಿ ಬೇರುಗಳು ಹೆಣೆದುಕೊಂಡಿದ್ದವು.

ನಮ್ಮವರು ಇಲಾಸ್ಟಿಕ್ಕನ್ನು ಎತ್ತಿ ಬೆಳಕಿಗೆ ಹಿಡಿದರು, ಎರಡೂ ಕೈಯಲ್ಲಿ ಹಿಗ್ಗಿಸಿದರು, ಬಿಟ್ಟರು.

"ಈಗ ಸೈಜು ಸರಿಯಾಯ್ತು," ಎಂದರು.

ಆಮೇಲೆ ಯಾರ ನಗು ಯಾರದೆಂದು ಗೊತ್ತಾಗಲಿಲ್ಲ. ಆಫೀಸರಮ್ಮನ ಕೊಡೆ ಕೈಯಿಂದ ಜಾರಿ ತೋಡಿಗೆ ಬಿತ್ತು. ನಾದಿನಿ ಫೋನಿನಲ್ಲಿ ವೀಡಿಯೋ ಹಿಡಿಯುತ್ತಿದ್ದಳು. ಆಮೇಲೆ ನೋಡಿದರೆ ಅದರಲ್ಲಿ ಆಕಾಶ ಮಾತ್ರ ಇತ್ತು, ಕೆಳಗೆ ಜನರ ನಗುವಿನ ಸದ್ದು. ಅದನ್ನೇ ಶಾರ್ಜಾಕ್ಕೆ ಕಳಿಸಿದಳು.

ದೊಡ್ಡಮ್ಮ ಮಾತ್ರ ಬಗ್ಗಿ ಆ ಗುಂಡಿಯನ್ನೇ ನೋಡುತ್ತಿದ್ದರು. "ಅಷ್ಟು ಬಟ್ಟೆಯನ್ನು ಇದು ತಿಂದದ್ದಾ ಮಗಾ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಅವರು ಒಂದು ಹಿಡಿ ಮಣ್ಣು ತೆಗೆದು ಮೂಸಿದರು. "ಹಾಗಾದ್ರೆ ನಮ್ಮವರದ್ದು ಒಂದು ಬನಿಯನು ಉಂಟು. ಬದನೆ ಬುಡದಲ್ಲಿ ಹೂತು ನೋಡ್ಲಾ?"

"ಬನಿಯನು ಹತ್ತಿಯದ್ದಾ?" ಎಂದು ಕೇಳಿದರು ನಮ್ಮವರು ತಟ್ಟನೆ, ಈ ವಿದ್ಯೆಯಲ್ಲಿ ಪಳಗಿದವರ ಹಾಗೆ.

ಆ ದಿನ ತಡವಾಗಿ ಬಂದವರಿಗೆಲ್ಲ ವಿವರಿಸಿದವರು ಅವರೇ. ನಾವು ಏರಿಯಲ್ಲಿ ಕಾಯಿ ಕೊಯ್ಯುತ್ತಾ ಕೇಳಿಸಿಕೊಳ್ಳುತ್ತಿದ್ದೆವು. ಮೂರು ಚಡ್ಡಿಗಳನ್ನು ಹುಣಿಯ ಮೇಲೆ ಸಾಲಾಗಿ ಹಾಸಿ, ಕೋಲಿನಲ್ಲಿ ಒಂದೊಂದನ್ನೇ ತೋರಿಸಿ, "ನೀರಿಲ್ಲದಿದ್ರೆ ಹೀಗೆ, ಮುಳುಗಿಸಿದ್ರೆ ಹೀಗೆ, ಹದದಲ್ಲಿದ್ರೆ ಹೀಗೆ. ಪಂಪು ಮಾರುವವ ಹೇಳ್ತಿದ್ದೇನೆ, ನೆನಪಿಟ್ಕೊಳ್ಳಿ," ಎನ್ನುತ್ತಿದ್ದರು. ಅಂಗಡಿಯಲ್ಲಿ ಆ ವಾರ ಹನಿ ನೀರಾವರಿಯ ಪೈಪು ಬೆಂಗಳೂರಿನಿಂದ ತರಿಸುವಷ್ಟು ಕೇಳಿಕೆ ಬಂತೆಂದು ಅವರು ಈಗಲೂ ಹೇಳುತ್ತಾರೆ. ಸ್ವಲ್ಪ ಕಡಿಮೆ ಮಾಡಿ ನಂಬಬಹುದು. ಮನೆಯ ವಾಲ್ವನ್ನು ಮರುದಿನವೇ ಬದಲಿಸಿದರು ಎನ್ನುವುದಕ್ಕೆ ಮಾತ್ರ ನಾನೇ ಸಾಕ್ಷಿ.

ಅಲ್ಲಿಂದ ಮುಂದೆ ಅಲಸಂಡೆಯ ಪ್ರವಾಹ. ದಿನ ಬಿಟ್ಟು ದಿನ ಕೊಯ್ದರೂ ಮುಗಿಯುತ್ತಿರಲಿಲ್ಲ. ಪಲ್ಯ, ಹುಳಿ, ಗಸಿ, ಮತ್ತೆ ಪಲ್ಯ. ವಾರ್ಡಿನ ಎಲ್ಲ ಮನೆಗಳಿಗೂ ಕಟ್ಟು ಕಟ್ಟಿ ಕೊಟ್ಟೆವು. ಪೇಟೆಯ ತರಕಾರಿ ಅಂಗಡಿಯವರು ನಮ್ಮನ್ನು ದೂರದಿಂದ ಕಂಡಾಗಲೇ ಸಾಕು ಎಂದು ಕೈ ಅಲ್ಲಾಡಿಸತೊಡಗಿದರು. ಅಂಗನವಾಡಿಯ ಗಂಜಿಗೆ ನಾನು ದಿನವೂ ಒಯ್ಯುತ್ತಿದ್ದೆ. ಪಲ್ಯ ಬೇಡವೆಂದು ಹಟ ಮಾಡುತ್ತಿದ್ದ ಮಕ್ಕಳು, ಸೊಳ್ಳೆ ಕಚ್ಚಿದ ಗಿಡದ್ದು ಎಂದರೆ ಬಾಯಿ ತೆರೆಯುತ್ತಿದ್ದರು. ನಾದಿನಿಯ ಗಂಡ ರಜೆಯಲ್ಲಿ ಬಂದವರು ಮೊದಲ ಮೂರು ದಿನ ಹೊಗಳಿದರು. ನಾಲ್ಕನೆಯ ದಿನ ಪೇಟೆಗೆ ಹೋಗಿ ಮೀನು ತಂದರು.

ಮಳೆಗೆ ಮೊದಲು ಗದ್ದೆಯನ್ನು ಭತ್ತಕ್ಕೆ ತೆರವು ಮಾಡಬೇಕಿತ್ತು. ಬಳ್ಳಿಗಳನ್ನು ಕೀಳಬೇಡಿ, ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ, ಭತ್ತಕ್ಕೆ ಆಗುತ್ತದೆ ಎಂದು ಆಫೀಸರಮ್ಮ ಹೇಳಿದ್ದರು. ನಾವಿಬ್ಬರೂ ಕತ್ತಿ ಹಿಡಿದು ಒಂದೊಂದು ಏರಿಯಲ್ಲಿ ಕುಳಿತು ಕತ್ತರಿಸುತ್ತಾ ಹೋದೆವು. ಮೋಡ ಕವಿದು ಗದ್ದೆಯೆಲ್ಲ ಬೂದು ಬೂದಾಗಿತ್ತು. ಅತ್ತೆ ಮೆಟ್ಟಿಲ ಮೇಲಿಂದ, ಮಳೆ ಬರುತ್ತದೆ, ಮೇಲೆ ಬನ್ನಿ ಎಂದು ಕರೆದರು. ಇನ್ನು ಒಂದೇ ಏರಿ ಎಂದಳು ನಾದಿನಿ. ಹನಿ ಬಿತ್ತು, ದೊಡ್ಡ ಹನಿ. ಆಮೇಲೆ ಒಮ್ಮೆಲೇ ಸುರಿಯಿತು. ಒದ್ದೆಯಾದ ಮೇಲೆ ಓಡುವುದಕ್ಕೆ ಅರ್ಥವಿಲ್ಲ. ಕೊನೆಯ ಏರಿಯನ್ನೂ ಕತ್ತರಿಸಿ, ಬಳ್ಳಿಯನ್ನೆಲ್ಲ ಹಟ್ಟಿಯ ಕಡೆಗೆ ಎಳೆದು ಹಾಕಿ, ಕಾಲು ತೊಳೆದುಕೊಂಡು ಮೇಲೆ ಬಂದೆವು. ಬಾಗಿಲಲ್ಲಿ ತಲೆ ಒರೆಸಿಕೊಳ್ಳುತ್ತಾ ಅವಳು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ, ನಾಳೆ ಬರುತ್ತೀಯಾ ಎಂದು ಕೇಳಿದಳು. ಗದ್ದೆಯಲ್ಲಿ ಇನ್ನೂ ಚಡ್ಡಿ ಹೂತದ್ದುಂಟಾ ಎಂದು ಕೇಳಿದನೋ ಏನೋ, ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ನಾನು ಏನೆಂದು ಕೇಳುವ ಮೊದಲೇ ನಗಲು ಶುರುಮಾಡಿದ್ದೆ.